ಎಲುಬಿಗೆ ತಾಕಿದರೆ

"ಎಲುಬಿಗಿ ತಾಕಿದ್ರ ಮಡಚಿಗೋತದೇನು ಚಾಚಾ?"

ಗಾಜಿನ ಪೆಟ್ಟಿಗೆ ಒರೆಸುತ್ತಿದ್ದ ಶೌಕತ ಅಲಿಯ ಕೈ ಅಲ್ಲೇ ನಿಂತಿತು. ವಾಡಿಯ ಸ್ಟೇಷನ್ ರಸ್ತೆಯ ಆ ತಗಡಿನ ಅಂಗಡಿಯಲ್ಲಿ ಕೀಲಿ, ಕತ್ತರಿ, ಚಾಕು ಮಾರುತ್ತ ಅವನಿಗೆ ಮೂವತ್ತೆಂಟು ವರ್ಷ ಕಳೆದಿದ್ದವು. ಚಾಕು ಕೊಳ್ಳಲು ಬಂದವರು ಹರಿತ ಕೇಳುತ್ತಾರೆ, ಜಂಗು ಹಿಡಿಯುತ್ತದೆಯೇ ಎಂದು ಕೇಳುತ್ತಾರೆ, ಕೊನೆಗೆ ರೇಟು ಕೇಳುತ್ತಾರೆ. ಎಲುಬಿನ ಮಾತೆತ್ತುವವರು ಕಟುಕರು. ಕಟುಕರು ಮಡಚುವ ಚಾಕು ಮುಟ್ಟುವುದಿಲ್ಲ.

ಎದುರಿಗೆ ನಿಂತವನಿಗೆ ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಪ್ಪವಾಗಿ ಕತ್ತರಿಸಿದ ಗಡ್ಡ, ಅತ್ತರಿನ ವಾಸನೆ. ಮುಂಜಾನೆ ಎದ್ದರೆ ಎಮ್ಮೆಯ ಬೆನ್ನಿನ ಮೇಲೂ ಸಿಮೆಂಟಿನ ಧೂಳು ಕೂತಿರುವ ಊರಿನಲ್ಲಿ ಅವನ ಅಂಗಿಯ ಮೇಲೆ ಒಂದು ಚುಕ್ಕೆ ಇರಲಿಲ್ಲ.

"ಏನ್ ಕೊಯ್ಯಾಕ ಬೇಕಾಗ್ಯದಪ್ಪ?"

"ಹಣ್ಣು."

"ಹಣ್ಣಿನಾಗ ಎಲುಬು ಎಲ್ಲಿರ್ತದ?"

ಅವನು ನಕ್ಕ. "ಮಾವಿನಹಣ್ಣಿನಾಗ ವಾಟಿ ಇರ್ತದಲ್ಲ ಚಾಚಾ. ತೋರಸ್ರಿ, ಛಲೋ ಇದ್ದದ್ದು ತೋರಸ್ರಿ."

ಶೌಕತ ಎರಡು ಚಾಕು ತೆಗೆದು ಅರಿವೆಯ ಮೇಲಿಟ್ಟ. ಒಂದು ಹಳೆಯ ಮಾದರಿಯದು. ಎಮ್ಮೆಯ ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ, ನಾಲ್ಕು ಬೆರಳಗಲದ ಉದ್ದಕ್ಕೆ ನೇರ ಅಲಗು. ಅಲಗಿನ ಬೆನ್ನು ದಪ್ಪ. ಅಲ್ಲಿಂದ ಬಾಯಿಯ ಕಡೆಗೆ ಬೇವಿನೆಲೆಯ ಹಾಗೆ ತೆಳ್ಳಗಾಗುತ್ತ ಹೋಗಿ ಮೊನೆಯಲ್ಲಿ ಕೂಡುತ್ತಿತ್ತು. ಬಿಚ್ಚಿದರೆ ಹಿಡಿಯ ಬೆನ್ನಿನಲ್ಲಿರುವ ಖಟಕಾ ಅಲಗಿನ ಬುಡದ ಕಚ್ಚಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಆ ಖಟಕಾ ಒತ್ತದ ಹೊರತು ಕಲ್ಲಿಗೆ ಕುಟ್ಟಿದರೂ ಅದು ಮಡಚುವುದಿಲ್ಲ. ಹೈದರಾಬಾದಿನ ಒಬ್ಬ ಮುದುಕ ಕಾರೀಗರ ತಿಂಗಳಿಗೆ ನಾಲ್ಕೇ ಮಾಡಿ ಕಳಿಸುತ್ತಿದ್ದ. ಆರುನೂರಕ್ಕೆ ಒಂದು ರೂಪಾಯಿ ಕಡಿಮೆ ಇಲ್ಲದ ಮಾಲು.

ಇನ್ನೊಂದು ಪೂರಾ ಕಪ್ಪು. ಡಬ್ಬಿಯ ಮೇಲೆ ಹುಲಿಯ ಚಿತ್ರ. ಅಲಗಿನ ಮುಂದಿನ ಅರ್ಧ ನುಣುಪು, ಹಿಂದಿನ ಅರ್ಧ ಗರಗಸದ ಹಲ್ಲು. ಬೆರಳಿನಿಂದ ತಳ್ಳಿದರೆ ಟಣ್ ಎಂದು ತೆರೆದುಕೊಳ್ಳುತ್ತಿತ್ತು. ಒಳಗೆ ಅಲಗನ್ನು ತಡೆದು ಹಿಡಿಯಲು ಇದ್ದದ್ದು ಉಗುರಿನಷ್ಟು ತೆಳುವಾದ ತಗಡಿನ ಪಟ್ಟಿ. ಮಾರಿದ ಐದರಲ್ಲಿ ಮೂರು ವಾಪಸು ಬಂದಿದ್ದವು. ಪೇರಲ ಮಾರುವವನೊಬ್ಬ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದ. ಅಂದಿನಿಂದ ಶೌಕತ ಅದನ್ನು ಹಗ್ಗ, ಪೊಟ್ಟಣ ಕೊಯ್ಯುವವರಿಗೆ ಮಾತ್ರ ನೂರೈವತ್ತಕ್ಕೆ ಕೊಡುತ್ತಿದ್ದ.

ಬಿಳಿ ಅಂಗಿಯವನು ಕೊಂಬಿನ ಹಿಡಿಯದನ್ನೇ ಮೊದಲು ಎತ್ತಿಕೊಂಡ. ಅವನ ಕೈಗೆ ಬುದ್ಧಿ ಇತ್ತು. ಹಿಡಿಯನ್ನು ಮುಷ್ಟಿಯಲ್ಲಿ ತೂಗಿ ನೋಡುತ್ತಿರುವಾಗ ಅವನ ಫೋನು ಹೊಡೆದುಕೊಂಡಿತು. ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅಲಗು ಬಿಚ್ಚುತ್ತ ಮಡಚುತ್ತ ಮಾತಾಡಿದ.

"ಹೂಂ ಅಣ್ಣ. ಗುರುವಾರ ತಾರೀಖು. ಚಿತ್ತಾಪುರ ಕೋರ್ಟಿಗಿ ಆಕಿ ಬರ್ಲೇಬೇಕಲ್ಲ. ಜೀವನಾಂಶ ಬೇಕಂತ ಆಕಿಗಿ. ಕೊಡ್ತೀನಿ, ಅವತ್ತೇ ಕೊಡ್ತೀನಿ. ಜೀವನದ ಅಂಶ ಒಂದೀಟೂ ಉಳೀಬಾರದು, ಹಾಂಗ ಕೊಡ್ತೀನಿ."

ಆಚೆ ಸುಣ್ಣಗಲ್ಲು ತುಂಬಿದ ಗೂಡ್ಸ್ ಗಾಡಿ ಹೊರಟಿತ್ತು. ಅಂಗಡಿಯ ತಗಡು ಗಡಗಡ ನಡುಗಿ, ತೂಗುಹಾಕಿದ್ದ ಕೀಲಿಗಳೆಲ್ಲ ಒಂದಕ್ಕೊಂದು ಬಡಿದುಕೊಂಡವು. ಆ ಗಾಡಿ ದಾಟಿ ಹೋಗುವಷ್ಟರಲ್ಲಿ ಶೌಕತ ಲೆಕ್ಕ ಹಾಕಿದ. ಕೊಡುವುದಿಲ್ಲ ಎಂದರೆ ಇವನು ಶಹಾಬಾದಿಗೆ ಹೋಗುತ್ತಾನೆ. ಅಲ್ಲಿ ಕೊಡುವವರು ನಾಲ್ಕು ಜನ ಇದ್ದಾರೆ, ಕೇಳುವವರು ಒಬ್ಬರೂ ಇಲ್ಲ. ಜಗಳ ತೆಗೆದರೆ ಇಲ್ಲೇ ನನ್ನ ಹೊಟ್ಟೆಗೇ ಹಾಕಿಯಾನು. ಕೊಡಬೇಕು, ಕೊಟ್ಟರೆ ಕೆಲಸಕ್ಕೆ ಬಾರದ್ದನ್ನು ಕೊಡಬೇಕು.

"ಅದ್ಯಾಕ ಹಿಡದಿ? ಅದು ನೂರೈವತ್ತರ ಮಾಲು," ಎಂದ. ತನ್ನ ದನಿ ಇಷ್ಟು ಸರಾಗ ಬಂದದ್ದಕ್ಕೆ ಅವನಿಗೇ ಸೋಜಿಗವಾಯಿತು. "ಅಜ್ಜಂದಿರು ಅಡಿಕಿ ಹೋಳು ಮಾಡಾಕ ಒಯ್ತಾರ. ಇದು ನೋಡು, ಫಾರಿನ್. ಏಳುನೂರು."

"ಏಳುನೂರಾ?"

"ಮತ್ತ? ಹಲ್ಲು ನೋಡಿದೇನು ಇದರವು?"

ಶೌಕತ ಕೊಂಬಿನ ಹಿಡಿಯ ಚಾಕು ತೆಗೆದುಕೊಂಡು ಬಿಚ್ಚಿದ. ಬೆನ್ನಿನ ಖಟಕಾ ಹೆಬ್ಬೆರಳಿನಿಂದ ಗುಟ್ಟಾಗಿ ಒತ್ತಿಹಿಡಿದು, ಅಲಗಿನ ಬೆನ್ನಿಗೆ ಇನ್ನೊಂದು ಅಂಗೈ ತಾಗಿಸಿದ. ಅಲಗು ಮೆಲ್ಲಗೆ ಬಾಗಿ ಹಿಡಿಯೊಳಗೆ ಹೋಯಿತು. "ಹಿಂಗ ಮಡಚಿಗೋತದ." ಆಮೇಲೆ ಕಪ್ಪು ಚಾಕು ತೆರೆದು ಅದರ ಬೆನ್ನನ್ನೂ ಒತ್ತಿದ. ಎಷ್ಟು ಒತ್ತಿದರೆ ಆ ತಗಡಿನ ಪಟ್ಟಿ ತಡೆಯುತ್ತದೆ ಎಂಬುದು ಅವನ ಅಂಗೈಗೆ ಗೊತ್ತಿತ್ತು, ಅಷ್ಟೇ ಒತ್ತಿದ. ಅಲಗು ಅಲ್ಲಾಡಲಿಲ್ಲ.

ಬಿಳಿ ಅಂಗಿಯವನು ಎರಡನ್ನೂ ನೋಡಿದ. ಶೌಕತನ ಮುಖವನ್ನೂ ನೋಡಿದ. ಹೆಚ್ಚು ರೇಟಿನದು ಹೆಚ್ಚು ಗಟ್ಟಿ ಎಂದು ನಂಬಿದವರಲ್ಲಿ ಅವನೂ ಒಬ್ಬ. ಕಪ್ಪು ಚಾಕು ಜೇಬಿಗೆ ಇಳಿಸಿ, "ಬರ್ತೀನಿ ಚಾಚಾ," ಎಂದು ಎದೆಗೆ ಕೈ ಮುಟ್ಟಿಸಿ ಹೊರಟ.

ಮಧ್ಯಾಹ್ನ ಊಟಕ್ಕೆ ಹೋದಾಗ ಶೌಕತ ಹೆಂಡತಿ ಶಹರಬಾನುವಿಗೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಬಂದಿರಬೇಕು, ಏಕೆಂದರೆ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಅವನನ್ನೇ ನೋಡತೊಡಗಿದಳು.

"ಠಾಣೆಗಿ ಹೋಗಿ ಹೇಳ್ರಿ."

"ಹೇಳಿದ್ರ? ಮೊದಲ ಯಾರು ಮಾರಿದ್ರು ಅಂತ ಕೇಳ್ತಾರ."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಮೂರು ವರ್ಷದ ಹಿಂದೆ ಯಾವುದೋ ದೂರದ ಊರಿನಲ್ಲಿ ಗಲಾಟೆಯಾದಾಗ ಪೊಲೀಸರು ಅಂಗಡಿಯ ಚಾಕುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ, ಶೌಕತನನ್ನು ಸಂಜೆಯವರೆಗೆ ಜೀಪಿನ ಪಕ್ಕ ನೆಲದ ಮೇಲೆ ಕೂರಿಸಿದ್ದರು. ಕೊನೆಗೆ ಎಲ್ಲ ಹಿಂದಕ್ಕೆ ಕೊಟ್ಟು ಕಳಿಸಿದರು, ಅದು ನಿಜ. ಆದರೆ ದಾರಿಯಲ್ಲಿ ಹೋಗುವ ಯಾರೋ ಫೋಟೊ ಹೊಡೆದುಕೊಂಡಿದ್ದರು. ಚೀಲದ ಬದಿಗೆ ತಲೆ ತಗ್ಗಿಸಿ ಕೂತ ಮುದುಕನ ಆ ಚಿತ್ರ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತ್ತು. ತಿಂಗಳುಗಟ್ಟಲೆ ಗಿರಾಕಿಗಳು ಅವನ ಕಣ್ಣು ತಪ್ಪಿಸಿ ಮಾತಾಡಿದ್ದರು.

"ಏನೂ ಆಗಂಗಿಲ್ಲ," ಎಂದ ಶೌಕತ. "ಆ ಚಾಕು ತಿವಿಯಾಕ ಬರಂಗಿಲ್ಲ. ತಿವದ್ರ ಅವನ ಬೆರಳೇ ಹೋಗ್ತಾವ."

"ಕೊಯ್ಯಾಕ ಬರ್ತದೋ ಇಲ್ಲೋ?"

ಕೈಯಲ್ಲಿದ್ದ ತುತ್ತನ್ನು ಅವನು ತಾಟಿನಲ್ಲಿ ಇಳಿಸಿದ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಗುರುವಾರ ಅಂಗಡಿ ತೆರೆಯದೆ ಚಿತ್ತಾಪುರದ ಬಸ್ಸು ಹತ್ತಿದ.

ಹೋಗಿ ಏನು ಮಾಡುವುದು ಎಂಬುದನ್ನು ಅವನು ಬಸ್ಸಿನಲ್ಲಿ ನಾಲ್ಕು ಸಲ ಜೋಡಿಸಿಕೊಂಡ. ಆ ಹೆಣ್ಣುಮಗಳನ್ನು ಹುಡುಕಿ, ತಂಗಿ, ನಿನ್ನ ಗಂಡನ ಜೇಬಿನಲ್ಲಿ ಚಾಕು ಅದ, ಒಳಗೇ ಇರು, ಪೊಲೀಸರನ್ನು ಕರೆ, ಎಂದರೆ ಮುಗಿಯಿತು. ಕೋರ್ಟಿನ ಆವರಣದಲ್ಲಿ ಇಳಿದು ನೋಡಿದರೆ ಬೇವಿನ ಮರದ ಕೆಳಗೇ ಮೂವತ್ತು ಹೆಣ್ಣುಮಕ್ಕಳು ಕೂತಿದ್ದರು. ಗೇಟಿನ ಹೊರಗೆ ಜೆರಾಕ್ಸ್ ಅಂಗಡಿಯ ಎದುರು ಬಿಳಿ ಅಂಗಿಯವನು ಬೈಕಿಗೆ ಒರಗಿ ನಿಂತಿದ್ದ. ಇವತ್ತೂ ಅಂಗಿಗೆ ಇಸ್ತ್ರಿ ಮಾಡಿಸಿದ್ದ.

ಶೌಕತ ಮರದ ಮರೆಗೆ ಸರಿದು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದ. ಒಬ್ಬಳೇ ಕೂತು ಅಳುತ್ತಿದ್ದವಳ ಹತ್ತಿರ ಹೋಗಿ, "ತಂಗಿ, ನಿನ್ನ ಗಂಡ..." ಎನ್ನುವಷ್ಟರಲ್ಲಿ ಅವಳ ಅಣ್ಣನೋ ಯಾರೋ ಎದೆಗೆ ಕೈ ಹಾಕಿ ತಳ್ಳಿದ. "ಏ ಮುದುಕ, ಹೆಣ್ಣಮಕ್ಕಳ ಕೂಡ ಏನ್ ನಿಂದು?" ನಾಲ್ಕು ಜನ ತಿರುಗಿ ನೋಡಿದರು. ಒಬ್ಬ ಜೇಬಿನಿಂದ ಮೊಬೈಲು ತೆಗೆದ. ಶೌಕತ ಮರದ ಕಡೆಗೆ ಹಿಂದೆ ಸರಿದ. ಮತ್ತೆ ಯಾರ ಹತ್ತಿರವೂ ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ವರಾಂಡದಲ್ಲಿ ಕುರ್ಚಿ ಹಾಕಿ ಕೂತಿದ್ದ ಪೇದೆಯ ಕಡೆಗೆ ಆರು ಹೆಜ್ಜೆ ಹೋಗಿ, ಅಲ್ಲಿಂದಲೇ ತಿರುಗಿ ಬಂದ.

ಹನ್ನೆರಡೂವರೆಗೆ ಒಬ್ಬ ಹೆಂಗಸು ಎದೆಗೆ ಫೈಲು ಅವುಚಿಕೊಂಡು ಮೆಟ್ಟಿಲಿಳಿದು ಬಂದಳು. ಮೂವತ್ತರೊಳಗಿನವಳು. ಎಡಗೈ ಮೊಣಕೈಯ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಮುರಿದದ್ದನ್ನು ಸರಿಯಾಗಿ ಕೂಡಿಸದೆ ಬಿಟ್ಟ ಕೈ. ಹಿಂದೆ ಅವಳ ತಾಯಿ ಅನಸುಬಾಯಿ ಚೀಲ ಹಿಡಿದು ಬರುತ್ತಿದ್ದಳು. ಆ ಸೊಟ್ಟ ಕೈ ನೋಡಿದ್ದೇ ಶೌಕತನಿಗೆ ಇವಳೇ ಎಂದು ಗೊತ್ತಾಯಿತು. ಅವಳೂ ಅವನನ್ನು ನೋಡಿದಳು. ಇಬ್ಬರ ನಡುವೆ ನಾಲ್ಕು ಮೊಳ ದೂರವೂ ಇರಲಿಲ್ಲ. ಅವನ ತುಟಿ ಅಲುಗಿತು. ಹೆಂಗಸು, ಈ ಮುದುಕ ಏನೋ ಕೇಳುತ್ತಾನೆ ಎಂಬಂತೆ ಒಂದು ಗಳಿಗೆ ನಿಂತು, ಅವನು ಏನೂ ಹೇಳದ್ದಕ್ಕೆ ಮುಂದೆ ಹೋದಳು.

"ನಾಗಿ," ಎಂದು ಗೇಟಿನ ಹತ್ತಿರ ಯಾರೋ ಕರೆದರು. ಮನೆಯಲ್ಲಿ ನೀರು ಕೇಳುವಷ್ಟು ಮೆತ್ತಗಿನ ದನಿ.

ಅವಳು ತಿರುಗಿದಳು. ಬಿಳಿ ಅಂಗಿಯವನ ಕೈ ಸೊಂಟದಿಂದ ಎದ್ದು ನೇರ ಅವಳ ಎದೆಗೆ ಹೋಯಿತು. ಅವಳು ಅಡ್ಡ ಹಿಡಿದ ಫೈಲನ್ನು ತೂರಿಕೊಂಡು ಹೋದ ಅಲಗು ಹೆಗಲಿನ ಮುಂದಿನ ಎಲುಬಿಗೆ ಬಡಿಯಿತು. ಬಡಿದ ಸದ್ದು ಹತ್ತು ಹೆಜ್ಜೆ ಆಚೆ ಇದ್ದ ಶೌಕತನಿಗೂ ಕೇಳಿಸಿತು. ಮರುಕ್ಷಣ ಕಿರುಚಿದವನು ಗಂಡಸು. ಒಳಗಿನ ತಗಡು ಜಾರಿ, ಅಲಗು ಹಿಂದಕ್ಕೆ ಮಡಚಿ, ಅವನ ತೋರುಬೆರಳು ಮತ್ತು ನಡುಬೆರಳನ್ನು ಗೆಣ್ಣಿನಲ್ಲೇ ಕತ್ತರಿಸಿತ್ತು. ಎರಡು ಬೆರಳೂ ಚರ್ಮಕ್ಕೆ ಜೋತಾಡುತ್ತಿದ್ದವು. ಅವನು ತನ್ನ ಕೈಯನ್ನು, ಬೇರೆ ಯಾರದ್ದೋ ಎಂಬಂತೆ, ಎತ್ತಿ ನೋಡಿಕೊಂಡ.

ಅಲ್ಲಿಗೆ ಮುಗಿಯಿತು ಎಂದುಕೊಂಡ ಶೌಕತ. ಅವನ ಲೆಕ್ಕ ಅಲ್ಲಿಗೇ ಮುಗಿದಿತ್ತು.

ಬಿಳಿ ಅಂಗಿಯ ಭೀಮಾಶಂಕರನ ಲೆಕ್ಕ ಮುಗಿದಿರಲಿಲ್ಲ. ಅಲಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚಾಕುವನ್ನು ಮತ್ತೆ ಬಿಡಿಸಿ, ಎಡಗೈಗೆ ತೆಗೆದುಕೊಂಡು ಬೀಸಿದ. ಬೀಸುವುದಕ್ಕೆ ಖಟಕಾ ಬೇಕಾಗಿಲ್ಲ. ಗರಗಸದ ಹಲ್ಲು ಅವಳ ಕಿವಿಯ ಕೆಳಗೆ ಸಿಕ್ಕಿಕೊಂಡಿತು, ಅವನು ಎಳೆದ. ಅದು ಕೊಯ್ಯಲಿಲ್ಲ, ಹರಿಯಿತು. ಕಿವಿಯಿಂದ ಬಾಯಿಯ ಮೂಲೆಯವರೆಗೆ ಕೆನ್ನೆ ತೆರೆದುಕೊಂಡು ಒಳಗಿನ ಹಲ್ಲು ಬೆಳ್ಳಗೆ ಕಂಡವು. ಅನಸುಬಾಯಿ ಚೀಲ ಎಸೆದು ಮಗಳ ಮೇಲೆ ಬಿದ್ದಳು. ಅವಳ ಬೆನ್ನಿಗೂ ಒಂದು ಬಿತ್ತು.

ಯಾವಾಗ ಓಡಿದ, ಹೇಗೆ ಓಡಿದ ಎಂಬುದು ಶೌಕತನಿಗೆ ನೆನಪಿಲ್ಲ. ಹಿಂದಿನಿಂದ ಭೀಮಾಶಂಕರನ ಸೊಂಟ ತಬ್ಬಿ ಹಿಡಿದಿದ್ದ. ಇಬ್ಬರೂ ನೆಲಕ್ಕೆ ಬಿದ್ದರು. ಆಗ ಜನಕ್ಕೆ ಕಾಲು ಬಂದವು. ಬಂದು ಸಿಕ್ಕಸಿಕ್ಕಲ್ಲಿ ಒದ್ದರು. ಒಂದೆರಡು ಒದೆ ಶೌಕತನ ಪಕ್ಕೆಗೂ ಬಿದ್ದವು. ಧೂಳಿನಲ್ಲಿ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರದಲ್ಲಿ, ಭೀಮಾಶಂಕರ ಅವನ ಗುರುತು ಹಿಡಿದ.

"ಚಾಚಾ," ಎಂದ ಏದುಸಿರು ಬಿಡುತ್ತ. "ಏಳುನೂರು ತಗೊಂಡು ಎಂಥಾ ಮಾಲು ಕೊಟ್ಟಿಯೋ."

ಆ ಮಾತು ಪೊಲೀಸರ ಕಿವಿಗೂ ಬಿತ್ತು. ಶೌಕತನ ಹೆಸರು, ಊರು ಬರೆದುಕೊಂಡು, ನಾಳೆ ಮಧ್ಯಾಹ್ನ ಹೇಳಿಕೆ ಕೊಡಲು ಬಾ ಎಂದು ಕಳಿಸಿದರು.

ಮರುದಿನ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಭೀಮಾಶಂಕರನ ಅಣ್ಣ ಅಂಬರಾಯ ಬರುವುದಕ್ಕೂ ಸರಿಹೋಯಿತು. ಇಬ್ಬರು ಸಂಗಡ ಇದ್ದರು. ಅವರು ಬಾಗಿಲು ಹಿಂದೆ ಎಳೆದುಕೊಂಡು ಅದಕ್ಕೆ ಒರಗಿ ನಿಂತರು. ಅಂಬರಾಯ ಸ್ಟೂಲಿನ ಮೇಲೆ ಕೂತು, ಕೀಲಿ ತಿಕ್ಕುವಾಗ ಹಿಡಿದಿಡುವ ಕಬ್ಬಿಣದ ಬಾಂಕಿನ ತಿರುಪನ್ನು ಆಟಕ್ಕೆಂಬಂತೆ ತಿರುಗಿಸಿದ.

"ನನ್ನ ತಮ್ಮಂದು ಎರಡು ಬೆರಳು ಹೋದ್ವು ಚಾಚಾ. ಡಾಕ್ಟರ್ ಕೂಡಂಗಿಲ್ಲ ಅಂದ."

ಶೌಕತ ಚಾಕು ಒರೆಸುವ ಅರಿವೆಯನ್ನು ಮಡಚಿ ಗಾಜಿನ ಪೆಟ್ಟಿಗೆಯ ಮೇಲಿಟ್ಟ.

"ಆಗಿದ್ದು ಆತು. ಈಗ ಪೊಲೀಸ್ರು ನಿನಗ ಕೇಳ್ತಾರ. ಹಣ್ಣು ಕೊಯ್ಯಾಕ ಅಂತ ತಗೊಂಡ. ಬ್ಯಾರೆ ಮಾತೇ ಆಗಿಲ್ಲ. ಸಿಟ್ಟಿನ ಭರದಾಗ ಜೇಬಿನಾಗ ಇದ್ದದ್ದು ಕೈಗಿ ಬಂತು. ಹೌದಿಲ್ಲೊ?"

"ಅಂವ ಎಲುಬಿಂದು ಕೇಳಿದ್ದ," ಎಂದ ಶೌಕತ. ಅದು ಧೈರ್ಯದಿಂದ ಬಂದ ಮಾತಲ್ಲ, ಬಾಯಿಂದ ಜಾರಿತ್ತು.

ಅಂಬರಾಯ ಕಣ್ಣಲ್ಲೇ ಹೇಳಿದ. ಇಬ್ಬರಲ್ಲಿ ಒಬ್ಬ ಶೌಕತನ ಬಾಯಿಗೆ ಚಾಕು ಒರೆಸುವ ಅರಿವೆ ತುರುಕಿದ. ಇನ್ನೊಬ್ಬ ಅವನ ಎಡಗೈ ಹಿಡಿದು ಹೆಬ್ಬೆರಳನ್ನು ಬಾಂಕಿನ ದವಡೆಗಳ ನಡುವೆ ಇಟ್ಟ. ಅಂಬರಾಯ ತಿರುಪು ತಿರುಗಿಸಿದ, ಅವಸರವಿಲ್ಲದೆ, ಅಳತೆ ನೋಡುವವನ ಹಾಗೆ. ಮೊದಲು ಉಗುರು ಬಿಳಿಚಿತು. ಆಮೇಲೆ ನಡುವೆ ಸೀಳಿತು. ಇನ್ನರ್ಧ ಸುತ್ತಿಗೆ ಒಳಗೆ ಏನೋ ಕಡಲೆ ಒಡೆದಂತೆ ಚಟ್ ಎಂದಿತು. ಶೌಕತನಿಗೆ ತನ್ನ ಉಚ್ಚೆ ಪಾಯಿಜಾಮದೊಳಗೆ ಬಿಸಿಯಾಗಿ ಇಳಿಯುವುದು ಗೊತ್ತಾಯಿತು.

"ಹಣ್ಣು," ಎಂದ ಅಂಬರಾಯ.

ಶೌಕತ ತಲೆಯಾಡಿಸಿದ.

ಆ ಮಧ್ಯಾಹ್ನ ಅವನು ಹಣ್ಣು ಎಂದೇ ಹೇಳಿಕೆ ಬರೆಸಿದ. ಬರೆದುಕೊಂಡ ಪೊಲೀಸ ಅವನ ಕೈಗೆ ಸುತ್ತಿದ್ದ ಬಟ್ಟೆ ನೋಡಿ, "ಏನಾಯ್ತು?" ಎಂದ. "ಬಾಂಕಿನಾಗ ಸಿಕ್ತ್ರಿ," ಎಂದ ಶೌಕತ. ಅದಂತೂ ಸುಳ್ಳಲ್ಲ.

ಎರಡು ತಿಂಗಳು ಕಳೆದವು. ಹೆಬ್ಬೆರಳು ಮಡಚಲು ಬರದೆ ಹಾಗೇ ಸೆಟೆದು ಕೂತಿತು. ಅವನು ಚಾಕುಗಳನ್ನೆಲ್ಲ ಟ್ರಂಕಿಗೆ ಹಾಕಿ ಕೀಲಿ, ಕತ್ತರಿ ಮಾತ್ರ ಮಾರುತ್ತಿದ್ದ. ಒಂದು ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಆ ಹೆಂಗಸು, ನಾಗರತ್ನಾ, ಅಂಗಡಿಯ ಮುಂದೆ ಬಂದು ನಿಂತಳು. ಮುಖಕ್ಕೆ ಸೆರಗು ಎಳೆದುಕೊಂಡಿರಲಿಲ್ಲ. ಹೊಲಿಗೆ ಬಿಚ್ಚಿದ್ದ ಗಾಯ ಕಿವಿಯಿಂದ ತುಟಿಯವರೆಗೆ ಅಂಕುಡೊಂಕಾಗಿ, ಕೆಲವು ಕಡೆ ಗಂಟುಗಂಟಾಗಿ ಉಬ್ಬಿಕೊಂಡಿತ್ತು. ಬಾಯಿಯ ಒಂದು ಮೂಲೆ ಕೆಳಗೆ ಎಳೆದಿತ್ತು.

"ಮರದ ಕೆಳಗ ನಿಂತಿದ್ದಿರಿ ನೀವು," ಎಂದಳು. "ಎಲ್ಲಾರ ಮಾರಿ ನೋಡಾಕತ್ತಿದ್ದಿರಿ. ನನ್ನ ಮಾರಿನೂ ನೋಡಿದ್ರಿ."

"ಹೌದು ತಂಗಿ."

"ಗೊತ್ತಿತ್ತು ನಿಮಗ."

ಅವನು ಹೌದೆಂದ. ಸ್ಟೂಲು ಮುಂದೆ ಸರಿಸಿದ, ಅವಳು ಕೂರಲಿಲ್ಲ. ನಿಂತವಳ ಮುಂದೆ ನಿಂತೇ ಅವನು ಎಲ್ಲ ಹೇಳಿದ: ಎಲುಬಿನ ಪ್ರಶ್ನೆ, ಫೋನಿನಲ್ಲಿ ಆಡಿದ ಮಾತು, ಖಟಕಾ ಒತ್ತಿಹಿಡಿದು ಮಾಡಿದ ಮೋಸ, ಶಹಾಬಾದಿನ ನಾಲ್ಕು ಅಂಗಡಿ. ಎಲ್ಲ ಮುಗಿದ ಮೇಲೆ, "ಎರಡೂ ತೋರಸ್ರಿ," ಎಂದಳು.

ಅವನು ಟ್ರಂಕು ತೆಗೆದು ಕೊಂಬಿನ ಹಿಡಿಯದನ್ನೂ ಅಂಥದ್ದೇ ಇನ್ನೊಂದು ಕಪ್ಪು ಚಾಕುವನ್ನೂ ಅವಳ ಮುಂದಿಟ್ಟ. ಅವಳು ಹಳೆಯದನ್ನು ಬಿಚ್ಚಿದಳು. ಅಲಗಿನ ಬೆನ್ನಿಗೆ ಅಂಗೈ ಕೊಟ್ಟು ಮೈಭಾರ ಹಾಕಿ ಒತ್ತಿದಳು; ಅದು ಮಿಸುಕಲಿಲ್ಲ. ಕಪ್ಪಿನದನ್ನು ಒತ್ತಿದಳು, ಟಪ್ ಎಂದು ಮಡಚಿತು. ಮತ್ತೆ ಬಿಚ್ಚಿ ಅದರ ಹಲ್ಲುಗಳನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಹಳೇದು ಕೊಟ್ಟಿದ್ರ?"

"ನೀ ಇರ್ತಿದ್ದಿಲ್ಲ ತಂಗಿ. ಎಲುಬು ಜಾರಿಸಿ ಒಳಗ ಇಳೀತಿತ್ತು."

"ಈ ಹಳೇದರಲೇ ಮಾರಿಗಿ ಹೊಡದಿದ್ರ?"

ಚಾಕುವಿನ ಬಗ್ಗೆ ಇನ್ನೊಂದು ಸುಳ್ಳು ಅವನ ಬಾಯಲ್ಲಿ ಹೊರಡಲಿಲ್ಲ. "ಸಣ್ಣ ಗೆರಿ ಆಗ್ತಿತ್ತು. ನೇರ ಅಲಗಿನ ಗಾಯ ಲಗೂನ ಕೂಡ್ತದ. ಹಲ್ಲಿನ ಅಲಗು ಮಾಂಸ ಹರಕೊಂಡು ಬರ್ತದ. ಅದು ನನಗ ಅವತ್ತು ತಲಿಗಿ ಹೊಳೀಲಿಲ್ಲ."

"ಅಂದ್ರ ನನ್ನ ಜೀವ ನೀವು ಆರಿಸಿದ್ರಿ. ಈ ಮಾರಿನೂ ನೀವೇ ಆರಿಸಿದ್ರಿ." ಅವಳ ದನಿ ಏರಲಿಲ್ಲ. "ನಾ ನಾಕು ಮೊಳದ ಮ್ಯಾಲೇ ಇದ್ದೆ. ನನಗೊಂದು ಮಾತು ಕೇಳಲಿಲ್ಲ."

ಒಳಗಿನಿಂದ ಏನೋ ಹೇಳಿಕೊಳ್ಳಬೇಕು ಅನ್ನಿಸಿ ಶೌಕತ ಎಡಗೈ ಮುಂದೆ ಚಾಚಿದ. "ಅಂಬರಾಯ ಬಂದಿದ್ದ."

ಅವಳು ಹೆಬ್ಬೆರಳನ್ನು ನೋಡಿದಳು. ಅದರಲ್ಲಿ ಕರುಣೆ ಇರಲಿಲ್ಲ, ತಾತ್ಸಾರವೂ ಇರಲಿಲ್ಲ. "ನನ್ನ ಕೈ ಮುರದಾಗನೂ ಅಂವನೇ ಬಂದಿದ್ದ," ಎಂದಳು. "ಜಾರಿ ಬಿದ್ದೆ ಅಂತ ಹೇಳು ಅಂದ. ಹೇಳಿದೆ. ಅದಕ್ಕೇ ಮತ್ತ ಹೊಡದ ಅವನ ತಮ್ಮ." ಚಾಕುಗಳನ್ನು ಮಡಚಿ ಒಂದರ ಪಕ್ಕ ಒಂದು ಇಟ್ಟಳು. "ವಕೀಲರು ಹೇಳಾಕತ್ಯಾರ, ಹಣ್ಣಿನ ಚಾಕು, ಸಿಟ್ಟಿನಾಗ ಆದದ್ದು ಅಂದ್ರ ಎರಡು ವರ್ಷಕ್ಕ ಹೊರಗ ಬರ್ತಾನಂತ. ಬಂದ ದಿವಸ ಎಲ್ಲಿಗಿ ಬರ್ತಾನ ಹೇಳ್ರಿ? ಕೋರ್ಟಿನಾಗ ಕರದಾಗ ನನಗ ಹೇಳಿದ್ದು ಅಲ್ಲಿನೂ ಹೇಳ್ರಿ. ನಿಮ್ಮ ಮೋಸದ್ದೂ ಸೇರಿಸಿ ಹೇಳ್ರಿ."

ಬಿಸಿಲಿನಲ್ಲಿ ಹೇಗೆ ಬಂದಿದ್ದಳೋ ಹಾಗೇ ಹೋದಳು.

ಕಲಬುರಗಿಯ ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿಗೆ ಕರೆ ಬಂದದ್ದು ವರ್ಷದ ಮೇಲೆ. ಹೊರಡುವಾಗ ಶಹರಬಾನು ಅವನ ಟೋಪಿಯ ಧೂಳು ಕೊಡವಿಕೊಟ್ಟು, "ಜಾವ್ ಜೀ," ಎಂದಷ್ಟೇ ಹೇಳಿದಳು. ಕಟಕಟೆಯಲ್ಲಿ ನಿಂತಾಗ ಎದುರಿಗೆ ಭೀಮಾಶಂಕರನಿದ್ದ, ಮೂರು ಬೆರಳಿನ ಕೈಯನ್ನು ಬಗಲಲ್ಲಿ ಅಡಗಿಸಿಕೊಂಡು. ಹಿಂದಿನ ಬೆಂಚಿನಲ್ಲಿ ಅಂಬರಾಯ. ಅವನನ್ನು ನೋಡಿದ್ದೇ ಶೌಕತನ ಸೆಟೆದ ಬೆರಳಿನೊಳಗೆ ನೋವು ಎದ್ದಿತು. ಅವನು ಕಟಕಟೆಯ ಕಟ್ಟಿಗೆಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೇಳತೊಡಗಿದ. ಎಲುಬಿನ ಮಾತಿನಿಂದ ಹಿಡಿದು ಒಂದನ್ನೂ ಬಿಡಲಿಲ್ಲ.

ಆರೋಪಿಯ ಕಡೆಯ ವಕೀಲ ಎದ್ದ. "ಪೊಲೀಸರ ಮುಂದೆ ಹಣ್ಣು ಅಂದಿದ್ದೀ. ಇವತ್ತು ಎಲುಬು ಅಂತೀ. ಯಾವುದು ಸುಳ್ಳು?"

"ಅವತ್ತಿಂದು ಸುಳ್ಳು ಸಾಹೇಬ್ರ. ಅದಕ್ಕಿಂತ ಮೊದಲೊಂದು ಹೇಳಿದ್ದೆ, ಅಂಗಡ್ಯಾಗ."

"ಕೊಲ್ಲೋಕೆ ಹೊರಟಿದ್ದಾನೆ ಅಂತ ಗೊತ್ತಿದ್ದೂ ಚಾಕು ಮಾರಿದೆ."

"ಹೌದ್ರಿ."

"ಏಳುನೂರು ರೂಪಾಯಿಗೆ."

"ಹೌದ್ರಿ. ಕಡಿಮಿ ಹೇಳಿದ್ರ ಅಂವ ಒಯ್ತಿದ್ದಿಲ್ಲ."

ಕೋರ್ಟಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಆ ಹೆಣ್ಣುಮಗಳಿಗೆ ಯಾಕೆ ಹೇಳಲಿಲ್ಲ? ಎರಡು ದಿನ ಇತ್ತಲ್ಲ ನಿಮ್ಮ ಕೈಯಲ್ಲಿ."

ಗೋಣಿಚೀಲ, ಜೀಪು, ಫೋಟೊ ಎಲ್ಲ ಅವನ ನಾಲಿಗೆಯ ತುದಿಗೆ ಬಂದವು. ಸೈ, ಅವೂ ನಿಜವೇ. ಆದರೆ ಅವು ಇಡೀ ನಿಜ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಹೆದರಿಕಿ ಇತ್ರಿ," ಎಂದ. "ಮತ್ತ ನಾ ಭಾಳ ಶಾಣ್ಯಾ ಅನ್ಕೊಂಡಿದ್ದೆ ಸ್ವಾಮಿ."

ತೀರ್ಪು ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಭೀಮಾಶಂಕರನಿಗೆ ಒಂಬತ್ತು ವರ್ಷ ಆಯಿತು. ಅದರ ಮರುವಾರ ಹಾಡಹಗಲೇ ಯಾರೋ ಶೌಕತನ ಅಂಗಡಿಯನ್ನು ಬುಡಸಹಿತ ಎತ್ತಿ ಗಟಾರಕ್ಕೆ ಉರುಳಿಸಿದರು. ನೋಡಿದವರು ಬಹಳ ಜನ. ಕಂಡೆ ಅಂದವರು ಒಬ್ಬರೂ ಇಲ್ಲ. ಅವನು ಕೀಲಿಗಳನ್ನು ಕೆಸರಿನಿಂದ ಆರಿಸಿ ತೊಳೆದು, ಸ್ಟೇಷನ್ನಿನ ಕಾಂಪೌಂಡಿಗೆ ತಗುಲಿಸಿ ಕೂತು ಮಾರತೊಡಗಿದ. ಆದರೆ ಅದೆಲ್ಲ ಆಮೇಲಿನ ಮಾತು.

ಸಾಕ್ಷಿ ಹೇಳಿದ ದಿನ ಅವನು ಕಲಬುರಗಿಯಿಂದ ಮಧ್ಯಾಹ್ನದ ಪ್ಯಾಸೆಂಜರಿಗೆ ಹಿಂದಿರುಗಿದ. ಶಹಾಬಾದಿನಲ್ಲಿ ಬಂಡೆ ಹೊಡೆಯುವವರು ಹತ್ತಿ ಬೋಗಿ ತುಂಬಿತು. ವಾಡಿಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಚಿತ್ತಾಪುರದ ಗಾಡಿಗೆ ಕಾಯುತ್ತ, ನಾಗರತ್ನಾ ಮತ್ತು ಅವಳ ತಾಯಿ ಕಲ್ಲಿನ ಬೆಂಚಿನ ಮೇಲೆ ಕೂತಿದ್ದರು. ಅದೇ ಗಾಡಿಯಲ್ಲಿ, ಬೇರೆ ಬೋಗಿಯಲ್ಲಿ ಬಂದಿದ್ದರು. ಕೋರ್ಟಿನಲ್ಲೂ ಅವಳು ಅವನ ಜೊತೆ ಮಾತಾಡಿರಲಿಲ್ಲ.

ಅವರು ಬುತ್ತಿ ಬಿಚ್ಚಿದ್ದರು. ನಾಗರತ್ನಾ ರೊಟ್ಟಿಯನ್ನು ಬಹಳ ಸಣ್ಣಗೆ ಮುರಿದು, ಬಾಯಿಯ ಬಲಮೂಲೆಯಿಂದ ಒಂದೊಂದೇ ತುಣುಕು ಒಳಗಿಟ್ಟು, ರೈಲು ಬರುವ ದಿಕ್ಕು ನೋಡುತ್ತ ಅಗಿಯುತ್ತಿದ್ದಳು. ಮುಚ್ಚಲು ಬಾರದ ಎಡಮೂಲೆಯಿಂದ ಪುಡಿ ಉದುರುತ್ತಿತ್ತು. ಅದು ಅವಳಿಗೆ ತಿಳಿಯುತ್ತಿರಲಿಲ್ಲ. ಅನಸುಬಾಯಿ ಬೇರೇನೋ ಯೋಚನೆಯಲ್ಲಿ ಇದ್ದವಳಂತೆ ಹಳಿಗಳನ್ನು ನೋಡುತ್ತ, ಮಗಳ ಗದ್ದದ ಕೆಳಗೆ ಅಂಗೈ ಹಿಡಿದುಕೊಂಡು ಕೂತಿದ್ದಳು.